ಏಳು ದಿನದ ಶಿಬಿರ, ರಾತ್ರಿಯ ಅರ್ಧ ಗಂಟೆ

ಕಾಲೇಜುಗಳಿಗೆ ರಜೆ ಬಿದ್ದ ಹೊತ್ತಿಗೆ ರಾಜ್ಯದ ಎಷ್ಟೋ ಹಳ್ಳಿಗಳ ಸರ್ಕಾರಿ ಶಾಲೆಯ ಮುಂದೆ ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ವಾರ್ಷಿಕ ವಿಶೇಷ ಶಿಬಿರದ ಬ್ಯಾನರ್ ಏಳುತ್ತದೆ. ಒಂದು ಘಟಕದಲ್ಲಿ ನೂರು ಸ್ವಯಂಸೇವಕರಿದ್ದರೆ ಅವರಲ್ಲಿ ಐವತ್ತು ಮಂದಿ ಚಾಪೆ, ತಟ್ಟೆ, ಲೋಟ ಹಿಡಿದು ಬಂದು, ತರಗತಿಯ ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ಏಳು ದಿನ ಅಲ್ಲೇ ಮಲಗುತ್ತಾರೆ. ಬೆಳಗಿನ ಜಾವ ಪ್ರಭಾತ ಫೇರಿ, ಆಮೇಲೆ ಧ್ವಜವಂದನೆ, ತಿಂಡಿ ಮುಗಿಸಿ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಇಳಿಹೊತ್ತಿಗೆ ಮನೆಮನೆ ಸಮೀಕ್ಷೆ, ರಾತ್ರಿ ಊರವರ ಎದುರು ಹಾಡು, ನಾಟಕ. ಇಷ್ಟು ಎಲ್ಲರಿಗೂ ಕಾಣುತ್ತದೆ. ಮರುದಿನದ ಪತ್ರಿಕೆಯಲ್ಲಿ ಚಿತ್ರವಾಗಿಯೂ ಬರುತ್ತದೆ. ಊಟದ ನಂತರ, ಊರವರು ಮನೆಗೆ ಹೋದ ಮೇಲೆ, ಶಿಬಿರಾರ್ಥಿಗಳು ಸುತ್ತ ಕೂತು ಅಂದಿನ ಕೆಲಸವನ್ನು ಒರೆಗೆ ಹಚ್ಚುವ ಸಭೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವು ಕಡೆ ಅದು ಚೆನ್ನಾಗಿ ನಡೆಯುತ್ತದೆ, ಕೆಲವು ಕಡೆ ಕಾಟಾಚಾರಕ್ಕೆ, ಇನ್ನು ಕೆಲವು ಕಡೆ ಅತಿಥಿಗಳ ಭಾಷಣ ಉದ್ದವಾಗಿ ಸಭೆಯೇ ಬಿದ್ದುಹೋಗುತ್ತದೆ. ಎನ್‌ಎಸ್‌ಎಸ್ ನಾಯಕರನ್ನು ರೂಪಿಸುತ್ತದೆ ಎನ್ನುವ ಮಾತು ನಿಜವಾಗುವುದು ಬಹುಮಟ್ಟಿಗೆ ಆ ಅರ್ಧ ಗಂಟೆಯಲ್ಲಿ. ಎಷ್ಟು ಮೀಟರ್ ರಸ್ತೆ ಸರಿಯಾಯಿತು, ಎಷ್ಟು ಸಸಿ ನೆಟ್ಟರು ಎಂಬುದಕ್ಕಿಂತ ಅದೇ ಶಿಬಿರದ ಜೀವಾಳ ಎಂದು ಹೇಳಲು ಸಾಕಷ್ಟು ಕಾರಣಗಳಿವೆ.

ಮೊದಲ ಕಾರಣ ಈ ಸಂಸ್ಥೆಯ ಹುಟ್ಟಿನಲ್ಲೇ ಇದೆ. ವಿದ್ಯಾರ್ಥಿಗಳು ದೇಶದ ಕೆಲಸದಲ್ಲಿ ಕೈಜೋಡಿಸಬೇಕು ಎಂಬುದನ್ನು ಸ್ವಾತಂತ್ರ್ಯಾನಂತರ ಎಲ್ಲರೂ ಒಪ್ಪಿದ್ದರು. ಹೇಗೆ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಸ್ವಯಂಪ್ರೇರಣೆಯ ದಾರಿ ತೋರಿತ್ತು. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿ ಅದಕ್ಕೆ ತದ್ವಿರುದ್ಧವಾಗಿ, ಪ್ರೌಢಶಾಲೆ ಮುಗಿಸಿ ಕಾಲೇಜು ಸೇರಬಯಸುವವರಿಗೆ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯ ಸೇವೆ ಇರಲಿ ಎಂದಿತು. ಹಣ ಎಲ್ಲಿಂದ, ನಡೆಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಆ ಯೋಜನೆ ಕಾಗದದಲ್ಲೇ ಉಳಿಯಿತು. ಮರುವರ್ಷ ಕೆ.ಜಿ. ಸೈಯದೈನ್ ಬೇರೆ ಬೇರೆ ದೇಶಗಳ ಯುವಸೇವೆಯನ್ನು ಅಭ್ಯಾಸ ಮಾಡಿ ಬಂದು, ಒತ್ತಾಯ ಬೇಡ, ಇಷ್ಟಪಟ್ಟವರು ಬರಲಿ ಎಂದು ಸೂಚಿಸಿದರು. ಅದರ ನಡುವೆಯೇ, 1962ರ ಚೀನಾ ಯುದ್ಧದ ಬೆನ್ನಿಗೆ ಎನ್‌ಸಿಸಿ ಕಾಲೇಜುಗಳಲ್ಲಿ ಕಡ್ಡಾಯವಾಗಿತ್ತು. ಕೆಲವೇ ವರ್ಷಗಳಲ್ಲಿ, 1968ರಲ್ಲಿ, ಅದನ್ನೂ ಐಚ್ಛಿಕ ಮಾಡಲಾಯಿತು. ಇಷ್ಟೆಲ್ಲ ತಿದ್ದುಪಡಿಗಳ ನಂತರ 1969ರ ಸೆಪ್ಟೆಂಬರ್ 24ರಂದು, ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋಗಿದ್ದ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆಯ ಸೇವೆ, ಜೊತೆಗೆ ಒಂದು ವಿಶೇಷ ಶಿಬಿರ: ಈ ಚೌಕಟ್ಟು ಒಬ್ಬರ ತಲೆಯಲ್ಲಿ ಒಂದೇ ದಿನ ಹೊಳೆದದ್ದಲ್ಲ. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾಚದ ಹಿರಿಯರು ಹತ್ತು ವರ್ಷ ಅಳೆದು ತೂಗಿದ್ದರ ಫಲ.

ಆ ವರ್ಷವನ್ನು ಆರಿಸಿಕೊಂಡದ್ದು ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬುತ್ತಿತ್ತು ಎಂದು. ಶತಮಾನೋತ್ಸವದ ಭಾಷಣಗಳಲ್ಲಿ ಹೆಚ್ಚು ಕೇಳಿಬರದ ಒಂದು ಪ್ರಸಂಗ ಈ ಯೋಜನೆಗೆ ಬಹಳ ಹತ್ತಿರದ್ದು. 1919ರಲ್ಲಿ ರೌಲತ್ ಕಾಯ್ದೆಯ ವಿರುದ್ಧದ ಚಳವಳಿ ಹಿಂಸೆಗೆ ತಿರುಗಿದಾಗ ಗಾಂಧೀಜಿ ನಡಿಯಾದ್‌ನ ಸಭೆಯಲ್ಲಿ ತಾವು ಹಿಮಾಲಯದಷ್ಟು ದೊಡ್ಡ ತಪ್ಪು ಮಾಡಿದ್ದಾಗಿ ಒಪ್ಪಿಕೊಂಡರು. ಕಾನೂನನ್ನು ಮನಃಪೂರ್ವಕ ಪಾಲಿಸಿ ಅಭ್ಯಾಸವಿಲ್ಲದ ಜನರನ್ನು ಕಾನೂನುಭಂಗಕ್ಕೆ ಕರೆದದ್ದೇ ಆ ತಪ್ಪು ಎಂದು ಅವರು ಗುರುತಿಸಿದರು. ಜನ ನಕ್ಕರು, ಟೀಕಿಸಿದರು. ನಮಗಿಲ್ಲಿ ಮುಖ್ಯವಾದದ್ದು ಅವರು ಮುಂದೆ ಏನು ಮಾಡಿದರು ಎಂಬುದು: ಚಳವಳಿಯ ನಿಯಮಗಳನ್ನು ಅರಿತ, ಜನರಿಗೆ ತಿಳಿಹೇಳಬಲ್ಲ ಸ್ವಯಂಸೇವಕರ ಪಡೆಯೊಂದನ್ನು ಮೊದಲು ತಯಾರು ಮಾಡಬೇಕು ಎಂದು ಹೊರಟರು. ತಪ್ಪನ್ನು ಎಲ್ಲರೆದುರು ಹೇಳುವುದು, ಅದರ ಕಾರಣ ಹುಡುಕುವುದು, ಆ ಕಾರಣಕ್ಕೆ ತಕ್ಕ ತರಬೇತಿ ಕಟ್ಟುವುದು, ಈ ಮೂರೂ ಅಲ್ಲಿ ಒಂದರ ಹಿಂದೊಂದು ಬಂದಿವೆ. ಶಿಬಿರದ ರಾತ್ರಿಯ ಸಭೆ ಮಾಡಬೇಕಾದದ್ದೂ ಇದನ್ನೇ, ಸಣ್ಣ ಪ್ರಮಾಣದಲ್ಲಿ.

ಶಿಬಿರದಲ್ಲಿ ಆಗುವ ತಪ್ಪುಗಳಿಗೆ ಒಂದು ಒಳ್ಳೆಯ ಗುಣವಿದೆ: ಅವು ಬೇಗ ಕಣ್ಣಿಗೆ ಬೀಳುತ್ತವೆ. ಹಳ್ಳಕ್ಕೆ ಮರಳು ಚೀಲದ ಕಟ್ಟ ಹಾಕುವ ಕೆಲಸವನ್ನೇ ತೆಗೆದುಕೊಳ್ಳಿ. ಹುರುಪಿನ ಹುಡುಗರು ಚೀಲವನ್ನು ಬಾಯಿಯವರೆಗೆ ತುಂಬಿ ಬಿಗಿದು ಕಟ್ಟುತ್ತಾರೆ. ಹಾಗೆ ತುಂಬಿದ ಚೀಲ ಗುಂಡಗಾಗಿ, ಒಂದರ ಮೇಲೊಂದು ಕೂರದೆ, ನಡುವಿನ ಸಂದುಗಳಿಂದ ನೀರು ಹರಿದುಹೋಗುತ್ತದೆ. ಅರ್ಧಕ್ಕಿಂತ ತುಸು ಹೆಚ್ಚು ತುಂಬಿದ ಚೀಲವಾದರೆ ಅಡಿಯ ಚೀಲಕ್ಕೆ ಅಮರಿಕೊಂಡು ಕೂರುತ್ತದೆ. ಇದನ್ನು ಯಾವ ಉಪನ್ಯಾಸವೂ ಕಲಿಸಬೇಕಾಗಿಲ್ಲ. ಸಂಜೆಯೊಳಗೆ ನೀರೇ ಕಲಿಸುತ್ತದೆ. ಸಮೀಕ್ಷೆಯಲ್ಲೂ ಹೀಗೇ. ನೆರೆಹೊರೆಯವರು ನಿಂತು ಕೇಳುತ್ತಿರುವಾಗ ಜಗಲಿಯ ಮೇಲೆ ಕೂತ ಯಜಮಾನರನ್ನು, ‘ನಿಮ್ಮ ಮನೆಯವರೆಲ್ಲ ಶೌಚಾಲಯ ಬಳಸುತ್ತೀರಾ?’ ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. ಅದೇ ಮನೆಯ ಹಿತ್ತಲಲ್ಲಿ ಹೆಂಗಸರೊಂದಿಗೆ ವಿದ್ಯಾರ್ಥಿನಿಯರು ಮಾತಿಗೆ ಕೂತಾಗ ನೀರಿನ ತೊಂದರೆಯ ಕಥೆ ಹೊರಬರುತ್ತದೆ. ಎರಡು ತಂಡಗಳ ನಮೂನೆಗಳನ್ನು ರಾತ್ರಿ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಯಾಕೆ ಬೇರೆಯಾಯಿತು ಎಂಬ ಚರ್ಚೆ ತಾನಾಗಿ ಏಳುತ್ತದೆ. ಅಕ್ಕಿ ಅಳತೆ ತಪ್ಪಿದರೆ ಕಡೆಯ ಪಂಕ್ತಿಗೆ ಅನ್ನವಿಲ್ಲ. ಕೂಲಿಯಿಂದ ಜನ ಬಂದು ಒಲೆ ಹಚ್ಚುವ ಹೊತ್ತಿಗೆ ಬೀದಿ ನಾಟಕ ಇಟ್ಟರೆ ನೋಡಲು ಮಕ್ಕಳಷ್ಟೇ. ತರಗತಿಯಲ್ಲಿ ಮಾಡಿದ ತಪ್ಪು ತಿಂಗಳ ನಂತರ ಕೆಂಪು ಶಾಯಿಯಲ್ಲಿ ಬರುತ್ತದೆ, ಅದೂ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ. ಇಲ್ಲಿ ಅದು ಅದೇ ದಿನ, ಇಡೀ ತಂಡದ ಮುಂದೆ ನಿಲ್ಲುತ್ತದೆ.

ಆದರೆ ತಪ್ಪು ಕಣ್ಣಿಗೆ ಬಿದ್ದ ಮಾತ್ರಕ್ಕೆ ಅದರ ಬಗ್ಗೆ ಯಾರಾದರೂ ಬಾಯಿ ಬಿಡುತ್ತಾರೆ ಎಂದೇನಿಲ್ಲ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಎರಡು ಆಸ್ಪತ್ರೆಗಳ ಎಂಟು ವಿಭಾಗಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಗ್ಗಟ್ಟಿನ, ಒಳ್ಳೆಯ ಮುಂದಾಳುಗಳಿರುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆಂದು ಅವರು ಊಹಿಸಿದ್ದರು. ಸಿಕ್ಕ ಲೆಕ್ಕ ತಿರುಗಮುರುಗವಾಗಿತ್ತು. ಅಂಥ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು. ಹೊಕ್ಕು ನೋಡಿದಾಗ ಕಂಡ ವಿವರಣೆ ಇದು: ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದದ್ದನ್ನು ಮುಚ್ಚಿಡದೆ ಹೇಳುತ್ತಿದ್ದವು. ಉಳಿದ ಕಡೆ ಬೈಗುಳದ ಭಯಕ್ಕೆ ತಪ್ಪು ಅಡಗಿ ಕೂರುತ್ತಿತ್ತು. ನಮ್ಮ ಶಿಬಿರಗಳ ವರದಿಗಳನ್ನು ಈ ಬೆಳಕಿನಲ್ಲಿ ಓದಬೇಕು. ಏಳು ದಿನವೂ ಎಲ್ಲವೂ ಯಶಸ್ವಿಯಾಗಿ ನೆರವೇರಿತು ಎಂದಷ್ಟೇ ಇರುವ ವರದಿ ಒಳ್ಳೆಯ ಶಿಬಿರದ ಗುರುತಲ್ಲ. ಅಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ ಎಂಬುದರ ಗುರುತೂ ಆಗಿರಬಹುದು.

ಬಾಯಿ ಬಿಡಿಸುವ ಉಪಾಯ ಶಿಬಿರದ ಏರ್ಪಾಟಿನಲ್ಲೇ ಇದೆ, ಅದನ್ನು ಬಳಸಿಕೊಳ್ಳಬೇಕಷ್ಟೆ. ಸಾಮಾನ್ಯವಾಗಿ ಶಿಬಿರಾರ್ಥಿಗಳನ್ನು ಐದಾರು ತಂಡ ಮಾಡಿ, ಕಾವೇರಿ, ತುಂಗಾ, ಶರಾವತಿ ಎಂದು ನದಿಗಳ ಹೆಸರಿಟ್ಟು, ಆಹಾರ, ಸ್ವಚ್ಛತೆ, ಸಾಂಸ್ಕೃತಿಕ, ಸ್ವಾಗತ ಎಂದು ಜವಾಬ್ದಾರಿಗಳನ್ನು ಸರದಿಯ ಮೇಲೆ ಹಂಚುತ್ತಾರೆ. ಇಂದು ಅಡುಗೆಮನೆಯ ಉಸ್ತುವಾರಿ ಹೊತ್ತವನು ನಾಳೆ ಇನ್ನೊಬ್ಬಳ ಮಾತಿನಂತೆ ಅಂಗಳ ಗುಡಿಸುತ್ತಾನೆ. ನಿನ್ನೆ ಸಾರು ಸಾಲಲಿಲ್ಲವೆಂದು ದನಿ ಎತ್ತಿದವಳಿಗೆ ಇಂದು ಸೌಟು ಹಿಡಿಯುವ ಸರದಿ. ಸರದಿ ನಿಜವಾಗಿ ತಿರುಗಿದಾಗ ದೂರುವ ನಾಲಿಗೆ ತಾನಾಗಿ ಮೆದುವಾಗುತ್ತದೆ, ಮೆಚ್ಚುಗೆಗೂ ತೂಕ ಬರುತ್ತದೆ. ಬೇಸರದ ಸಂಗತಿಯೆಂದರೆ ಹಲವು ಶಿಬಿರಗಳಲ್ಲಿ ಮಾತು ಬಲ್ಲ ನಾಲ್ಕು ಮಂದಿಯೇ ಏಳೂ ದಿನ ನಾಯಕರು. ಮೈಕ್ ಹಿಡಿದು ನಿರೂಪಣೆ ಮಾಡುವವರು ಒಬ್ಬರೇ, ಪಾತ್ರೆ ತೊಳೆಯುವವರು ಅವರೇ ಅವರೇ. ಹುಡುಗಿಯರಿಗೆ ಅಡುಗೆ, ಹುಡುಗರಿಗೆ ಗುದ್ದಲಿ ಎಂಬ ಮನೆಯ ವಿಂಗಡಣೆ ಶಿಬಿರಕ್ಕೂ ಬಂದು ಕೂರುತ್ತದೆ. ಕಾರ್ಯಕ್ರಮ ಅಚ್ಚುಕಟ್ಟಾಗಿ ಕಾಣುತ್ತದೆ, ನಿಜ. ಮಾತು ಬರದ ಹುಡುಗನೊಬ್ಬ ಸ್ವಾಗತ ಭಾಷಣದಲ್ಲಿ ತಡವರಿಸುವುದನ್ನು ಸಹಿಸದ ಶಿಬಿರ ಅವನನ್ನು ಕರೆದುಕೊಂಡು ಬಂದದ್ದಾದರೂ ಯಾಕೆ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಗಟ್ಟಿಯಾದ ಆಕ್ಷೇಪ. ವಿದ್ಯಾರ್ಥಿಗಳು ತಪ್ಪಿ ಕಲಿಯಲು ಹಳ್ಳಿಯವರೇ ಯಾಕೆ ಬೇಕು? ಸೋರುವ ಕಟ್ಟ, ಅರ್ಧಕ್ಕೆ ನಿಂತ ಚರಂಡಿ, ನೀರು ಹಾಕುವವರಿಲ್ಲದೆ ಒಣಗಿದ ಸಸಿ ಇವೆಲ್ಲ ಉಳಿಯುವುದು ಊರಿಗೆ. ಪ್ರಮಾಣಪತ್ರ ಹೋಗುವುದು ಪೇಟೆಯ ಕಾಲೇಜಿಗೆ. ಇದನ್ನು ತಳ್ಳಿಹಾಕುವಂತಿಲ್ಲ. ಮಳೆಗಾಲ ಕಳೆದ ಮೇಲೆ ನಡೆಯುವ ಶಿಬಿರದಲ್ಲಿ ಫೋಟೊಗೆಂದು ಸಸಿ ನೆಡುವುದು ಗೊತ್ತಿದ್ದೂ ಮಾಡುವ ಕೆಲಸ, ಅದಕ್ಕೆ ಕಲಿಕೆಯ ಹೆಸರು ಸಲ್ಲದು. ಯೋಜನೆಯ ನಿಯಮದಲ್ಲಿ ಇದಕ್ಕೆ ಪರಿಹಾರವಿದೆ: ಗ್ರಾಮವನ್ನು ದತ್ತು ತೆಗೆದುಕೊಂಡು ಬಿಡಿಬಿಡಿಯಾಗಿ ಅಲ್ಲ, ನಿರಂತರವಾಗಿ ಕೆಲಸ ಮಾಡಬೇಕು. ಮತ್ತೆ ಮತ್ತೆ ಅದೇ ಊರಿಗೆ ಹೋಗುವ ಘಟಕ ತನ್ನ ಹಿಂದಿನ ವರ್ಷದ ಕೆಲಸವನ್ನು ಕಣ್ಣಾರೆ ನೋಡಬೇಕಾಗುತ್ತದೆ. ಊರವರೂ ಮುಖ ನೋಡಿ ಕೇಳುತ್ತಾರೆ. ಪ್ರತಿವರ್ಷ ಹೊಸ ಊರು ಹುಡುಕುವ ಘಟಕಕ್ಕೆ ಆ ಮುಜುಗರವಿಲ್ಲ, ಆ ಪಾಠವೂ ಇಲ್ಲ. ಇನ್ನೊಂದು ಮಾತು: ರಾತ್ರಿಯ ಸಭೆಗೆ ಊರಿನ ಇಬ್ಬರು ಮೂವರನ್ನು, ಪಂಚಾಯಿತಿ ಸದಸ್ಯರನ್ನಷ್ಟೇ ಅಲ್ಲ, ನೀರು ಬಿಡುವ ವಾಟರ್‌ಮ್ಯಾನ್, ಆಶಾ ಕಾರ್ಯಕರ್ತೆ, ಬಿಸಿಯೂಟದ ಅಡುಗೆಯವರನ್ನು ಕೂರಿಸಿಕೊಂಡರೆ, ತಪ್ಪನ್ನು ತೂಗುವ ಹಕ್ಕು ಅದರ ಭಾರ ಹೊರುವವರಿಗೂ ಸಿಗುತ್ತದೆ.

ಕಾರ್ಯಕ್ರಮಾಧಿಕಾರಿಗಳ ಕಡೆಯ ಮಾತನ್ನೂ ಕೇಳಬೇಕು. ಪಾಠ, ಮೌಲ್ಯಮಾಪನಗಳ ನಡುವೆ ಐವತ್ತು ಮಕ್ಕಳನ್ನು ಏಳು ಹಗಲು ಏಳು ರಾತ್ರಿ ಕಾಯುವ ಅಧ್ಯಾಪಕರಿಗೆ ‘ತಪ್ಪಲು ಬಿಡಿ’ ಎಂಬ ಉಪದೇಶ ಸಿಟ್ಟು ತರಿಸಿದರೆ ಆಶ್ಚರ್ಯವಿಲ್ಲ. ಕೆರೆಗೆ ಇಳಿಯುವುದು, ವಿದ್ಯುತ್ ತಂತಿ ಮುಟ್ಟುವುದು, ರಾತ್ರಿ ಒಬ್ಬೊಬ್ಬರೇ ಹೊರಗೆ ಹೋಗುವುದು, ಹಾವಿನ ಭಯವಿರುವ ಪೊದೆ ಸವರುವುದು, ಇವುಗಳಲ್ಲಿ ತಪ್ಪಿಗೆ ಎಡೆಯೇ ಇಲ್ಲ. ಅಲ್ಲಿ ಅಧಿಕಾರಿಯ ಮಾತೇ ಕಡೆಯ ಮಾತು. ಒಬ್ಬರ ಜಾತಿ, ಬಡತನ, ಮೈಬಣ್ಣ ಹಿಡಿದು ಆಡಿಕೊಳ್ಳುವುದೂ ಈ ಪಟ್ಟಿಗೇ ಸೇರಬೇಕು. ಅನ್ನದ ಅಳತೆ, ನಾಟಕದ ಹೊತ್ತು, ಸಮೀಕ್ಷೆಯ ಪ್ರಶ್ನೆ, ಚೀಲ ತುಂಬುವ ಪ್ರಮಾಣ ಮಾತ್ರ ಮಕ್ಕಳ ಕೈಗೆ ಪೂರ್ತಿ ಬಿಡುವಂಥವು. ಈ ಗೆರೆಯನ್ನು ಮೊದಲ ದಿನವೇ ಎಳೆದು ಹೇಳಿದರೆ ಅಧಿಕಾರಿಗೂ ನೆಮ್ಮದಿ. ರಾತ್ರಿಯ ಸಭೆ ಪಂಚಾಯಿತಿ ಕಟ್ಟೆಯ ವಿಚಾರಣೆಯಾಗಿ, ಮೆದು ಸ್ವಭಾವದವರು ಅಳುತ್ತ ಏಳುವಂತಾಗುವ ಅಪಾಯವೂ ಸುಳ್ಳಲ್ಲ. ಕೆಲಸದ ಬಗ್ಗೆ ಮಾತು, ಆಳಿನ ಬಗ್ಗೆ ಅಲ್ಲ ಎಂಬ ಕಟ್ಟುನಿಟ್ಟು ಇರಬೇಕು. ಅದಕ್ಕಿಂತ ಮುಖ್ಯವಾಗಿ, ಅಂದಿನ ತಮ್ಮ ಏರ್ಪಾಟಿನಲ್ಲಿ ಕೆಟ್ಟದ್ದೇನು ಎಂಬುದನ್ನು ಅಧಿಕಾರಿಯೇ ಮೊದಲು ಹೇಳಬೇಕು. ಮೇಷ್ಟ್ರು ಹೇಳಿದ ಮೇಲೆ ಉಳಿದವರಿಗೆ ಹೇಳುವುದು ಅಷ್ಟು ಕಷ್ಟವಾಗುವುದಿಲ್ಲ.

ಬಹುತೇಕರು ಬರುವುದೇ ಪ್ರಮಾಣಪತ್ರಕ್ಕೆ, ಅದರಿಂದ ಸಿಗುವ ಅನುಕೂಲಕ್ಕೆ ಎಂಬ ಟೀಕೆಯೂ ಹಳೆಯದು. ಇರಬಹುದು. ಬಂದ ಕಾರಣಕ್ಕೂ ಹೋಗುವಾಗ ಹೊತ್ತೊಯ್ಯುವುದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ; ಊಟ ಸಾಲದ ರಾತ್ರಿ ಇಬ್ಬರು ಒಂದೇ ತಟ್ಟೆಯಲ್ಲಿ ಉಣ್ಣುವಾಗ ಪ್ರಮಾಣಪತ್ರದ ಯೋಚನೆ ಯಾರಿಗೂ ಬರುವುದಿಲ್ಲ.

ಉಳಿದಿರುವ ನಿಜವಾದ ದೋಷ ಒಂದು: ಕಲಿತದ್ದು ನಿಲ್ಲುವುದಿಲ್ಲ. ಸ್ವಯಂಸೇವಕರ ಅವಧಿ ಎರಡು ವರ್ಷ, ಅಧಿಕಾರಿಗಳೂ ಬದಲಾಗುತ್ತಾರೆ. ಚೀಲ ಎಷ್ಟು ತುಂಬಬೇಕು, ಯಾವ ಕೇರಿಗೆ ಯಾವ ಹೊತ್ತಿನಲ್ಲಿ ಹೋಗಬೇಕು, ಕಳೆದ ಸಲ ಯಾರನ್ನು ಕರೆಯಲು ಮರೆತು ಊರಿನಲ್ಲಿ ಬೇಸರವಾಯಿತು ಎಂಬುದನ್ನು ಪ್ರತಿ ತಂಡವೂ ಮೊದಲಿಂದ ಕಲಿಯುತ್ತದೆ, ಅದರ ಬೆಲೆಯನ್ನು ಅದೇ ಊರು ಮತ್ತೆ ತೆರುತ್ತದೆ. ವಿಶ್ವವಿದ್ಯಾಲಯಕ್ಕೆ ಕಳಿಸುವ ವರದಿ, ಖರ್ಚಿನ ಲೆಕ್ಕ, ಫೋಟೊ ಆಲ್ಬಮ್ ಇವುಗಳ ಜೊತೆಗೆ ಘಟಕದಲ್ಲೇ ಉಳಿಯುವ ಒಂದು ನೋಟ್‌ಬುಕ್ ಸಾಕು. ಪ್ರತಿ ರಾತ್ರಿ ಅಂದಿನ ಹೊಣೆ ಹೊತ್ತ ತಂಡ ಹೆಸರು ಹಾಕದೆ ಒಂದು ಪುಟ ಬರೆಯಲಿ: ಏನು ಕೆಟ್ಟಿತು, ಯಾಕೆ ಕೆಟ್ಟಿತು, ನಾಳೆ ಏನು ಬದಲಿಸುತ್ತೇವೆ. ಮರುದಿನ ಬದಲಿಸಿದ್ದು ಫಲಿಸಿತೇ ಎಂಬುದನ್ನು ಅದೇ ಪುಟದ ಕೆಳಗೆ ಸೇರಿಸಲಿ. ಮುಂದಿನ ವರ್ಷ ಹೊಸ ತಂಡ ಊರಿಗೆ ಹೊರಡುವ ವಾರ ಮೊದಲು, ಹಳೆಯ ಶಿಬಿರಾರ್ಥಿಗಳಲ್ಲಿ ಇಬ್ಬರನ್ನು ಕರೆಸಿ ಆ ಪುಟಗಳನ್ನು ಗಟ್ಟಿಯಾಗಿ ಓದಿಸಬಹುದು. ಇದಕ್ಕೆ ಸರ್ಕಾರದ ಸುತ್ತೋಲೆ ಬೇಡ, ಹೆಚ್ಚುವರಿ ಅನುದಾನವೂ ಬೇಡ. ಪ್ರತಿ ರಾತ್ರಿ ಕಡೆಯ ಉಪನ್ಯಾಸವನ್ನು ಅರ್ಧ ಗಂಟೆ ಮೊಟಕು ಮಾಡುವ ಮನಸ್ಸು ಬೇಕು.