ಕೂಸಿನ ಅಂಗಿಯೂ ರಾಯಚೂರ ಬಿಸಿಲೂ

ವೈಶಾಖದಲ್ಲಿ ರಾಯಚೂರಿನ ಬಿಸಿಲು ೪೦ ಡಿಗ್ರಿ ಮೀರುವುದು ವಾಡಿಕೆ. ಅಂಥದೊಂದು ಮಧ್ಯಾಹ್ನ, ಸ್ನೇಹಿತರ ಮನೆಯ ನಾಮಕರಣದಲ್ಲಿ, ಝಾಲರಿಟ್ಟ ನೈಲಾನ್ ಅಂಗಿ ತೊಟ್ಟ ಕೂಸು ಎಡೆಬಿಡದೆ ಅಳುತ್ತಿತ್ತು. ಹಸಿವೆಂದರು ಕೆಲವರು, ದೃಷ್ಟಿಯೆಂದರು ಕೆಲವರು. ಮಾನ್ವಿಯಿಂದ ಬಂದಿದ್ದ ಅಜ್ಜಿ ಅಂಗಿ ಬಿಚ್ಚಿ ನೋಡಿದರೆ ಬೆನ್ನ ತುಂಬ ಬೆವರುಸಾಲೆ!

ಹತ್ತಿಯ ನೂಲು ಬೆವರನ್ನು ಹೀರಿಕೊಂಡು ಗಾಳಿಗೆ ಆರಗೊಡುತ್ತದೆ. ನೈಲಾನು ಹೀರುವುದು ತೀರ ಕಡಮೆ. ದೇವದುರ್ಗ, ಮಾನ್ವಿಗಳ ಹೊಲಗಳಲ್ಲಿ ಬೆಳೆದ ಹತ್ತಿ ರಾಯಚೂರಿನ ಮಾರುಕಟ್ಟೆಯಲ್ಲಿ ರಾಶಿ ಬೀಳುವಾಗ ನಮ್ಮ ಕೂಸುಗಳಿಗೆ ಈ ಪಾಡೆ?

ಹಾಗೆಂದು ಸೊಗಸನ್ನು ಬಿಡಬೇಕಾಗಿಲ್ಲ. ತೆಳು ಹತ್ತಿಬಟ್ಟೆಯ ಜಬಲಾದ ಅಂಚಿಗೆ ಒಂದೆಳೆ ಕಸೂತಿ ಸಾಕು. ಕೊರಳಿಗೆ ಬಿಗಿಯುವ ಲಾಡಿ, ಕಿತ್ತು ಬಾಯಿಗೆ ಹೋಗಬಲ್ಲ ಮಣಿ ಮಾತ್ರ ಬೇಡ. ಗುಳೇದಗುಡ್ಡದ ಖಣದ ಕುಲಾವಿ ಶಾಸ್ತ್ರದ ಗಳಿಗೆಗೆ ಚೆಂದ. ಮಲಗಿಸುವಾಗ ತೆಗೆದಿಡಿರಿ, ಕೂಸಿನ ಮೈಕಾವು ತಲೆಯಿಂದ ಬಹಳವಾಗಿ ಹೊರಹೋಗುತ್ತದೆ. ಹಳೆಯ ಸೀರೆಗಳ ಕೌದಿಯನ್ನು ನೆಲಕ್ಕೆ ಹಾಸಿ ಆಡಿಸಿರಿ; ನಿದ್ದೆಯಲ್ಲಿ ಮುಖಕ್ಕೆ ಸರಿಯುವಂತೆ ಹೊದಿಸಬೇಡಿರಿ.

ಅಂದು ಅಜ್ಜಿ ಚೀಲದಿಂದ ಹಳೆಯ ಧೋತರದ ಮೆತ್ತನೆಯ ತುಂಡೊಂದನ್ನು ತೆಗೆದು ಸಡಿಲವಾಗಿ ಸುತ್ತಿದರು. ಹೆಸರಿಡುವ ಹೊತ್ತಿಗೆ ಕೂಸಿಗೆ ಗಾಢನಿದ್ರೆ. ಹೆಂಗಸರು ತೊಟ್ಟಿಲ ಹಾಡನ್ನು ಪಿಸುದನಿಯಲ್ಲಿ ಹಾಡಬೇಕಾಯಿತು.