ಮಲ್ಲಿಗೆಯ ಘಮ, ಮಣ್ಣಿನ ವಾಸನೆ: ತಪ್ಪು ಕಲ್ಪನೆ ಮತ್ತು ಸತ್ಯ

ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ಹಗರಿಬೊಮ್ಮನಹಳ್ಳಿಗೆ ನೆರೆಯೂರಿನ ಹೂವು. ಅದರ ಘಮದ ಬಗ್ಗೆ, ಮೊದಲ ಮಳೆಗೆ ಏಳುವ ಕೆಮ್ಮಣ್ಣಿನ ವಾಸನೆಯ ಬಗ್ಗೆ ನಂಬಿಕೊಂಡು ಬಂದದ್ದೆಲ್ಲ ಸರಿಯಲ್ಲ.

ತಪ್ಪು ಕಲ್ಪನೆ 1: ಮಲ್ಲಿಗೆ ಗಿಡ ಮಣ್ಣಿನಿಂದಲೇ ಕಂಪನ್ನು ಹೀರಿಕೊಳ್ಳುತ್ತದೆ.

ಸತ್ಯ: ಬೇರು ಹೀರುವುದು ನೀರು ಮತ್ತು ಲವಣ. ಘಮದ ಅಣುಗಳಿಗೆ ಬೇಕಾದ ಇಂಗಾಲ ಬರುವುದು ಗಾಳಿಯಿಂದ. ಎಲೆಯಲ್ಲಿ ತಯಾರಾದ ಸಕ್ಕರೆಯು ‘ಶಿಕಿಮೇಟ್ ಮಾರ್ಗ’ದ ಏಳು ಹಂತ ದಾಟಿ, ಮುಂದೆ ಫೀನೈಲ್‌ಅಲನಿನ್ ಎಂಬ ಅಮೈನೊ ಆಮ್ಲವಾಗುತ್ತದೆ. ಮಲ್ಲಿಗೆಯ ಮುಖ್ಯ ಪರಿಮಳಗಳಲ್ಲೊಂದಾದ ಬೆಂಜೈಲ್ ಅಸಿಟೇಟ್ ಹುಟ್ಟುವುದು ಇದರಿಂದ. ಮಣ್ಣು, ಹವೆಗಳು ಘಮದ ಹದವನ್ನು ಏರುಪೇರು ಮಾಡಬಲ್ಲವು, ಅಷ್ಟೆ. ಕಿತ್ತ ಮೇಲೂ ಮೊಗ್ಗಿನಲ್ಲಿ ಈ ಕೆಲಸ ನಿಲ್ಲದು. ಬೆಳಿಗ್ಗೆ ಬಿಡಿಸಿದ ಮೊಗ್ಗು ಸಂಜೆ ಅರಳಿ ಘಮಘಮಿಸುವುದು ಅದಕ್ಕೇ.

ತಪ್ಪು ಕಲ್ಪನೆ 2: ಮಳೆಗೆ ಏಳುವ ವಾಸನೆ ಮಣ್ಣಿನದೇ.

ಸತ್ಯ: ಅದು ಬಹುಮಟ್ಟಿಗೆ ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಗಳು ತಯಾರಿಸುವ ಜಿಯೋಸ್ಮಿನ್. ಹನಿ ಬಿದ್ದೊಡನೆ ಗಾಳಿಗೆ ಹಾರುತ್ತದೆ. ಇದನ್ನು ಕಟ್ಟುವುದು ತಲಾ ಐದು ಇಂಗಾಲವಿರುವ ತುಂಡುಗಳನ್ನು ಜೋಡಿಸಿ. ಮಲ್ಲಿಗೆಯ ಲಿನಲೂಲ್ ಎಂಬ ಪರಿಮಳಕ್ಕೂ ಅವೇ ತುಂಡುಗಳು: ಲಿನಲೂಲ್‌ಗೆ ಎರಡು, ಜಿಯೋಸ್ಮಿನ್‌ಗೆ ಮೂರು. ಆ ತುಂಡುಗಳು ತಯಾರಾಗುವ ‘ಎಂಇಪಿ ಮಾರ್ಗ’ವೂ ಎರಡರಲ್ಲೂ ಒಂದೇ.

ತಪ್ಪು ಕಲ್ಪನೆ 3: ಸುವಾಸನೆಯ ವಸ್ತು ಬೇರೆ, ದುರ್ವಾಸನೆಯದು ಬೇರೆ.

ಸತ್ಯ: ಮಲ್ಲಿಗೆಯ ಕಂಪಿನಲ್ಲಿ ಇಂಡೋಲ್ ಇದೆ, ಮಲದ ನಾತದಲ್ಲೂ ಇದೆ. ಮಲ್ಲಿಗೆ ಅದನ್ನು ಶಿಕಿಮೇಟ್ ಮಾರ್ಗದ ಕವಲೊಂದರಲ್ಲಿ ಪಡೆಯುತ್ತದೆ. ಅದೇ ಕವಲಿನ ಕೊನೆಯಲ್ಲಿ ಸಿಗುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಒಡೆದು ಕರುಳಿನ ಬ್ಯಾಕ್ಟೀರಿಯಗಳು ಇಂಡೋಲ್ ಮಾಡುತ್ತವೆ. ಸ್ವಲ್ಪವಿದ್ದರೆ ಹೂವಿನ ಕಂಪು, ಹೆಚ್ಚಾದರೆ ಗಬ್ಬು.

ತಪ್ಪು ಕಲ್ಪನೆ 4: ಗ್ಲೈಫೋಸೇಟ್ ಕಳೆನಾಶಕ ಮುಟ್ಟುವುದು ಕಳೆಯನ್ನು ಮಾತ್ರ.

ಸತ್ಯ: ಅದು ತಡೆಯುವುದು ಮಲ್ಲಿಗೆಯ ಘಮಕ್ಕೂ ಬೇಕಾದ ಅದೇ ಶಿಕಿಮೇಟ್ ಮಾರ್ಗದ ಒಂದು ಕಿಣ್ವವನ್ನು. ಮನುಷ್ಯರ, ದನಕರುಗಳ ಜೀವಕೋಶಗಳಲ್ಲಿ ಈ ಮಾರ್ಗವಿಲ್ಲ. ಹಾಗೆಂದು ಔಷಧಿ ನಿರಪಾಯಕಾರಿ ಎಂದಲ್ಲ. ಗಿಡಗಳಂತೆ ಬ್ಯಾಕ್ಟೀರಿಯ, ಶಿಲೀಂಧ್ರಗಳಲ್ಲೂ ಈ ಮಾರ್ಗವಿದೆ. ಅವುಗಳಲ್ಲಿ ಕೆಲವು ತಡೆದುಕೊಳ್ಳುತ್ತವೆ, ಕೆಲವು ಸೊರಗುತ್ತವೆ. ಮಲ್ಲಿಗೆಗಂತೂ ಕಳೆಗಿರುವ ಮಾರ್ಗವೇ ಇರುವುದು. ಆದ್ದರಿಂದ ಬದುವಿನ ಹುಲ್ಲಿಗೆ ಹೊಡೆಯುವವರು ಗಾಳಿ ಇರುವಾಗ ಪಂಪು ಹೊರಬೇಡಿ. ಸಿಂಪರಣೆ ಹೂವಿನ ಸಾಲಿಗೆ ತಾಗದಂತೆ ನೋಡಿಕೊಳ್ಳಿ.