ಸಾರಜನಕವುಳ್ಳ ಇಂಗಾಲ

ಇದ್ದಿಲು ಸುಡುವವರು ಕಟ್ಟಿಗೆಯ ರಾಶಿಗೆ ಮಣ್ಣು ಮೆತ್ತಿ, ಒಳಗೆ ಗಾಳಿ ಸುಳಿಯದಂತೆ ಮಾಡಿ ಬೆಂಕಿ ಹಚ್ಚುತ್ತಾರೆ. ಗಾಳಿ ಯಥೇಚ್ಛವಾಗಿ ಸಿಕ್ಕಿದರೆ ಉಳಿಯುವುದು ಬೂದಿ, ಸಿಗದಿದ್ದರೆ ಇದ್ದಿಲು. ಈ ಹಳೆಯ ಉಪಾಯವೇ ಇಂದಿನ ಪ್ರಯೋಗಶಾಲೆಗಳಲ್ಲಿ ಬೇರೊಂದು ರೂಪ ತಾಳಿದೆ. ಅಲ್ಲಿ ಕಟ್ಟಿಗೆಯ ಬದಲು ಪಾಲಿಮರುಗಳನ್ನು ಕಾಯಿಸಿ, ಇಂಗಾಲದ ಜತೆಗೆ ಸ್ವಲ್ಪ ಸಾರಜನಕವನ್ನೂ ಉಳಿಸಿಕೊಳ್ಳುತ್ತಾರೆ. ಆ ಸ್ವಲ್ಪಕ್ಕೆ ಅಷ್ಟು ಬೆಲೆ ಏಕೆ, ಅದನ್ನು ಉಳಿಸಿಕೊಳ್ಳುವುದು ಕಷ್ಟವೇಕೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಬೆಲೆಯ ಮಾತು. ಜಲಜನಕ ಆಮ್ಲಜನಕಗಳನ್ನು ಕೂಡಿಸಿ ವಿದ್ಯುತ್ತನ್ನು ಪಡೆಯುವ ಇಂಧನಕೋಶದಲ್ಲಿ ಜಲಜನಕದ ಕ್ರಿಯೆ ಬೇಗ ಸಾಗುತ್ತದೆ. ಆಮ್ಲಜನಕದ್ದು ಬಹು ನಿಧಾನ. ಅದನ್ನು ಚುರುಕುಗೊಳಿಸಲು ಸಾಮಾನ್ಯವಾಗಿ ಪ್ಲಾಟಿನಮ್ ಬಳಸುತ್ತಾರೆ. ಅದು ವಿರಳವಾದ ಲೋಹ, ಆದ್ದರಿಂದ ದುಬಾರಿ. ಬರಿಯ ಇದ್ದಿಲು ಅಗ್ಗವಾದರೂ ಈ ಕೆಲಸಕ್ಕೆ ಅಷ್ಟಾಗಿ ಒದಗದು. ಆದರೆ ಇಂಗಾಲದ ಷಟ್ಕೋನ ಹೆಣಿಗೆಯಲ್ಲಿ ಅಲ್ಲಲ್ಲಿ ಸಾರಜನಕದ ಪರಮಾಣು ಬಂದು ಕುಳಿತರೆ ಗುಣವೇ ಬೇರೆಯಾಗುತ್ತದೆ. ಇಂಗಾಲದ ಹೊರಕವಚದಲ್ಲಿ ೪ ಎಲೆಕ್ಟ್ರಾನುಗಳು, ಸಾರಜನಕದಲ್ಲಿ ೫. ಪಕ್ಕದ ಇಂಗಾಲದಲ್ಲಿ ಎಲೆಕ್ಟ್ರಾನುಗಳ ಹಂಚಿಕೆ ಬದಲಾಗಿ, ಆಮ್ಲಜನಕ ಅಲ್ಲಿ ನೆಲೆನಿಲ್ಲಲು ಅನುಕೂಲವಾಗುತ್ತದೆ.

ಸಿದ್ಧವಾದ ಇದ್ದಿಲಿನ ಮೇಲೆ ಬಿಸಿ ಅಮೋನಿಯ ಹಾಯಿಸಿ ಸಾರಜನಕವನ್ನು ಸೇರಿಸಬಹುದು. ಆದರೆ ಅದು ಬಹುಮಟ್ಟಿಗೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ಪಾಲಿಮರಿನಲ್ಲಾದರೋ ಅದು ಮೊದಲೇ ಸರಪಣಿಯ ಉದ್ದಕ್ಕೂ ಇಂಗಾಲಕ್ಕೆ ಬಂಧಿತವಾಗಿರುತ್ತದೆ. ಅಕ್ರಿಲಿಕ್ ಸ್ವೆಟರುಗಳ ಮುಖ್ಯ ದ್ರವ್ಯವಾದ ಪಾಲಿಅಕ್ರಿಲೋನೈಟ್ರೈಲನ್ನೇ ನೋಡಿರಿ. ಅದರ ಪ್ರತಿಯೊಂದು ಕೊಂಡಿಯಲ್ಲಿ ೩ ಇಂಗಾಲ, ೩ ಜಲಜನಕ, ೧ ಸಾರಜನಕ. ತೂಕ ೩೬, ೩, ೧೪, ಒಟ್ಟು ೫೩. ಎಂದರೆ ನೂರು ಗ್ರಾಮಿನಲ್ಲಿ ಸುಮಾರು ೨೬ ಗ್ರಾಂ ಸಾರಜನಕ!

ಇದನ್ನು ಎರಡು ಹಂತಗಳಲ್ಲಿ ಕಾಯಿಸಬೇಕು. ಮೊದಲು ಗಾಳಿಯಲ್ಲಿ, ೨೦೦ರಿಂದ ೩೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ, ಮೆಲ್ಲಮೆಲ್ಲನೆ. ಪಕ್ಕಪಕ್ಕದ ನೈಟ್ರೈಲ್ ಗುಂಪುಗಳು ಒಂದನ್ನೊಂದು ಹಿಡಿದು ಏಣಿಯಂತೆ ಉಂಗುರಗಳಾಗುತ್ತವೆ. ಬಿಳಿಯ ವಸ್ತು ಹಳದಿಯಾಗಿ, ಕಂದಾಗಿ, ಕಪ್ಪಾಗುತ್ತದೆ. ಆಗ ತಾನಾಗಿಯೇ ಶಾಖ ಹೊರಡುವುದರಿಂದ ಅವಸರಪಟ್ಟರೆ ಹೊತ್ತಿಕೊಂಡೀತು. ಆಮೇಲೆ ಗಾಳಿಯನ್ನು ಹೊರಗಟ್ಟಿ, ನೈಟ್ರೋಜನ್ ಅಥವಾ ಆರ್ಗಾನ್ ವಾಯುವಿನಲ್ಲಿ ೭೦೦ರಿಂದ ೧೦೦೦ ಡಿಗ್ರಿಯವರೆಗೆ ಏರಿಸಬೇಕು. ಇದ್ದಿಲಿನ ರಾಶಿಗೆ ಮಣ್ಣು ಮಾಡಿದ ಕೆಲಸವನ್ನು ಇಲ್ಲಿ ಈ ವಾಯು ಮಾಡುತ್ತದೆ.

ತೊಡಕಿರುವುದು ಇಲ್ಲಿಯೇ. ಶಾಖ ಏರಿದಂತೆಲ್ಲ ಇಂಗಾಲದ ಹೆಣಿಗೆ ಅಚ್ಚುಕಟ್ಟಾಗಿ ವಿದ್ಯುತ್ತು ಚೆನ್ನಾಗಿ ಹರಿಯುತ್ತದೆ. ಅದೇ ಶಾಖಕ್ಕೆ ಸಾರಜನಕ ಬಿಟ್ಟು ಓಡುತ್ತದೆ. ೧೫೦೦ ಡಿಗ್ರಿಯ ಹೊತ್ತಿಗೆ ಹೆಚ್ಚುಪಾಲು ಹೋಗಿಯೇ ಬಿಟ್ಟಿರುತ್ತದೆ. ಕಡಿಮೆ ಕಾಯಿಸಿದರೆ ಸಾರಜನಕ ಸಮೃದ್ಧ, ವಿದ್ಯುತ್ತು ಹರಿಯದು. ಹೆಚ್ಚು ಕಾಯಿಸಿದರೆ ವಿದ್ಯುತ್ತು ಸಲೀಸು, ಸಾರಜನಕವಿಲ್ಲ. ಕುಂಬಾರನಿಗೆ ಆವಿಗೆಯ ಹದ ಹೇಗೋ ಹಾಗೆ ಇವರಿಗೂ ಹದವೇ ಸರ್ವಸ್ವ. ಹೊರಟುಹೋಗುವ ಅನಿಲಗಳಲ್ಲಿ ಘೋರ ವಿಷವಾದ ಹೈಡ್ರೋಜನ್ ಸಯನೈಡ್ ಇರುವುದರಿಂದ ಇದು ತಕ್ಕ ಏರ್ಪಾಡಿಲ್ಲದೆ ಕೈಹಾಕುವ ಪ್ರಯೋಗವಲ್ಲವೆಂಬುದನ್ನು ವಿದ್ಯಾರ್ಥಿಮಿತ್ರರು ಮರೆಯಬಾರದು.

ಉಳಿದ ಸಾರಜನಕವೂ ಎಲ್ಲ ಒಂದೇ ಬಗೆಯಲ್ಲ. ಕೆಲವು ಅಂಚಿನ ಷಟ್ಕೋನದಲ್ಲಿ ಎರಡು ಇಂಗಾಲಗಳಿಗೆ ಅಂಟಿರುತ್ತವೆ; ಕೆಲವು ಪಂಚಕೋನದಲ್ಲಿ; ಕೆಲವು ಹೆಣಿಗೆಯ ನಡುವೆ ಮೂರು ಇಂಗಾಲಗಳ ಮಧ್ಯೆ. ೧೯೮೯ರಲ್ಲಿ ಅಮೆರಿಕದ ಅರ್ನೆಸ್ಟ್ ಯೇಗರ್ ಮತ್ತು ಸಂಗಡಿಗರು ಇದೇ ಪಾಲಿಅಕ್ರಿಲೋನೈಟ್ರೈಲನ್ನು ಕಬ್ಬಿಣ, ಕೋಬಾಲ್ಟ್ ಲವಣಗಳೊಡನೆ ಕಾಯಿಸಿ ಆಮ್ಲಜನಕದ ಕ್ರಿಯೆಗೆ ಒದಗುವ ವಸ್ತುವನ್ನು ಪಡೆದರು. ೨೦೧೧ರಲ್ಲಿ ಲಾಸ್ ಅಲಮೋಸ್ ಪ್ರಯೋಗಶಾಲೆಯವರು ಪಾಲಿಅನಿಲೀನ್ ಎಂಬ ಇನ್ನೊಂದು ಪಾಲಿಮರಿನಿಂದ, ಅವೇ ಲೋಹಗಳ ನೆರವಿನಿಂದ, ಇನ್ನೂ ಮುಂದೆ ಹೋದರು. ಹಾಗಾದರೆ ಕೆಲಸ ಮಾಡುವುದು ಲೋಹವೋ ಸಾರಜನಕವೋ? ೨೦೧೬ರಲ್ಲಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾನಿಲಯದವರು ಗ್ರಾಫೈಟಿನ ಮಾದರಿಗಳ ಮೇಲೆ ಪ್ರಯೋಗ ನಡೆಸಿ, ಅಂಚಿನ ಸಾರಜನಕದ ಪಕ್ಕದಲ್ಲಿರುವ ಇಂಗಾಲವೇ ಕ್ರಿಯೆಯ ನೆಲೆಯೆಂದು ತೋರಿಸಿದರು. ಆದರೂ ಆಮ್ಲದ್ರಾವಣದಲ್ಲಿ ಲೋಹ ಬೆರೆತವುಗಳೇ ಹೆಚ್ಚು ಚುರುಕು. ಅಲ್ಲಿಯೂ ಲೋಹವನ್ನು ಹಿಡಿದು ನಿಲ್ಲಿಸುವುದು ಸಾರಜನಕವೇ.

ಆದುದರಿಂದ ಎಷ್ಟು ಸಾರಜನಕ ಉಳಿಯಿತೆಂದು ತೂಗಿ ನೋಡಿದರೆ ಸಾಲದು. ಎಲ್ಲಿ ಉಳಿಯಿತೆಂದೂ ಕೇಳಬೇಕು. ಆ ಎಡೆಯನ್ನು ನಿರ್ಣಯಿಸುವುದು ಪಾಲಿಮರಿನ ಆಯ್ಕೆ ಮತ್ತು ಬೆಂಕಿಯ ಹದ, ಇವೆರಡೇ.